ಕಾಯಿಸಿದ ತೊಗಲಿನ ಬಣ್ಣ

ಪಕೀರಮ್ಮ ತಿಕ್ಕಿದ ತಗಡಿನ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿಯೂ ತಡೆಯುತ್ತಿರಲಿಲ್ಲ. ಹೊಸಪೇಟೆಯ ತೋಟಪ್ಪನವರ ಬೀರು ಅಂಗಡಿಗೆ ಅವಳು ಕೆಲಸಕ್ಕೆ ಸೇರಿದಾಗ ಮಗ ದುರುಗೇಶ ಇನ್ನೂ ಸೆರಗು ಹಿಡಿದು ಓಡಾಡುವ ಕೂಸು. ಗಂಡಸರು ತಗಡು ಕತ್ತರಿಸಿ, ವೆಲ್ಡಿಂಗ್ ಮಾಡಿ, ಬೀರುವಿಗೆ ಆಕಾರ ಕೊಟ್ಟು ಅಂಗಳಕ್ಕೆ ತಂದು ನಿಲ್ಲಿಸುವರು. ಅಲ್ಲಿಂದ ಮುಂದಿನದು ಹೆಂಗಸರ ಪಾಲು. ಮೊದಲು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಎಣ್ಣೆ ಜಿಡ್ಡನ್ನೂ ಫಿಟ್ಟರ್‌ಗಳು ಅಳತೆಗೆಂದು ಎಳೆದ ಗೆರೆಗಳನ್ನೂ ಒರೆಸಿ ತೆಗೆಯಬೇಕು. ಗೆರೆ ಉಳಿಯಿತೋ, ಮೇಲೆ ಎಷ್ಟು ಪೇಂಟ್ ಹೊಡೆದರೂ ಅದು ಒಂದಲ್ಲ ಒಂದು ದಿನ ಅಡಿಯಿಂದ ಎದ್ದು ಬರುತ್ತದೆ. ಆಮೇಲೆ ತಗ್ಗು ಇದ್ದಲ್ಲಿ ಪುಟ್ಟಿ, ಪುಟ್ಟಿ ಒಣಗಿದ ಮೇಲೆ ನೀರು ಚಿಮುಕಿಸಿ ಪಾಲೀಶ್ ಕಾಗದದ ಉಜ್ಜಾಟ. ಹೊಸದಾಗಿ ಸೇರಿದ ಹುಡುಗಿಯರು ಅವಸರ ಮಾಡಿದರೆ ಪಕೀರಮ್ಮ ಬೈಯುತ್ತಿರಲಿಲ್ಲ. ಅವರ ಕೈ ಹಿಡಿದು ತಗಡಿನ ಮೇಲೆ ಇಡಿಸಿ, "ನೋಡವ್ವಾ, ಇಲ್ಲಿ ಒಂದು ತರಿ ಕೂಗಾಕತ್ತೈತಿ, ಅದರ ಬಾಯಿ ಮುಚ್ಚು" ಎನ್ನುತ್ತಿದ್ದಳು.

ಅವಳ ಗಂಡ ಕಾಳಪ್ಪ ಎಮ್ಮಿಗನೂರಿನವನು, ಹಲಗೆ ಬಾರಿಸುವವನು. ಊರಿನ ದೊಡ್ಡವರ ಸಾವಿಗೆ ಕರೆದಾಗ ಹೋಗುವುದನ್ನು ಮದುವೆಯಾದ ವರ್ಷವೇ ಬಿಟ್ಟಿದ್ದ. ಮನೆಗಳಿಗೆ ಬುದ್ಧನ ಪಟ ಬಂದ ಮೇಲೆ ಅವನ ಜೊತೆಯವರು ಎಷ್ಟೋ ಜನ ಹಲಗೆಯನ್ನೇ ಬಿಟ್ಟರು. ಕಾಳಪ್ಪ ಮಾತ್ರ, "ಬಿಡಬೇಕಾಗಿದ್ದು ಅವರ ಮನಿ ಮುಂದ ಬಡಿಯಾದು. ಹಲಗಿ ಏನ್ ಮಾಡೈತಿ ಪಾಪ?" ಎಂದು ಅದನ್ನು ಹೊಸಪೇಟೆಗೂ ಹೊತ್ತು ತಂದ. ಏಪ್ರಿಲ್ ತಿಂಗಳ ಜಯಂತಿಯ ಮೆರವಣಿಗೆಯಲ್ಲಿ ಅವನು ಹುಲ್ಲು ಹೊತ್ತಿಸಿ, ತೊಗಲನ್ನು ಬೆಂಕಿಗೆ ಹಿಡಿದು ಕಾಯಿಸಿ, ಒಂದೇ ಒಂದು ಪೆಟ್ಟು ಹಾಕಿ ತಲೆ ಓರೆ ಮಾಡಿ ಕೇಳುತ್ತಿದ್ದ. ಸರಿಯೆನಿಸಿದರೆ ನಕ್ಕು ಹೆಜ್ಜೆ ಎತ್ತುತ್ತಿದ್ದ. ಇಲ್ಲವಾದರೆ ಮತ್ತೆ ಬೆಂಕಿ. ಮೆರವಣಿಗೆ ಕಾಯಬೇಕು.

ಅಂಥವನಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಒಟ್ಟಿಗೆ ಹೋದವು. ಅವನು ಬಾರಿಸುವುದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಬೇಕೆಂದು ಅಷ್ಟು ವರ್ಷ ಯಾರಿಗೂ ಅನ್ನಿಸಿರಲಿಲ್ಲ. ಮೆರವಣಿಗೆಯ ಒಂದೆರಡು ವೀಡಿಯೊ ಫೋನಿನಲ್ಲಿದ್ದವು, ಅದರಲ್ಲಿ ಕೇಳುವುದು ಡಿಜೆ ಮತ್ತು ಪಟಾಕಿ.

ದುರುಗೇಶ ತೋರಣಗಲ್ಲಿನ ಕಾರ್ಖಾನೆಯಲ್ಲಿ ಗುತ್ತಿಗೆಯ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ತಂತಿ, ಮೀಟರು, ಬೆಸುಗೆ ಇವೇ ಅವನ ಲೋಕ. ರಜೆಯ ದಿನಗಳಲ್ಲಿ ಅವನು ಮನೆಯಲ್ಲೇ ಒಂದು ಸಿಂಥಸೈಜರ್, ಕರೆಂಟಿನಿಂದ ದನಿ ಹುಟ್ಟಿಸುವ ಪೆಟ್ಟಿಗೆ, ಕಟ್ಟತೊಡಗಿದ್ದ. ಅಂಗಡಿಯಲ್ಲಿ ಸಿಗುವ ಕೀಬೋರ್ಡಿನಂಥದಲ್ಲ, ಸರ್ಕ್ಯೂಟು ಸರ್ಕ್ಯೂಟಾಗಿ ತಾನೇ ಬೆಸೆದು ಕೂಡಿಸಿದ್ದು. ಮುಖಕ್ಕೆ ಒಂದು ಬರಿ ತಗಡು, ತಗಡಿನ ತುಂಬ ನಾಬ್‌ಗಳು. ಒಂದನ್ನು ತಿರುಗಿಸಿದರೆ ದನಿ ದಪ್ಪವಾಗುವುದು, ಇನ್ನೊಂದಕ್ಕೆ ಬಿಗಿ, ಮತ್ತೊಂದಕ್ಕೆ ಪೆಟ್ಟಿನ ಹಿಂದಿನ ಗುಂಯ್ ಎಂಬ ಬಾಲ ಉದ್ದವಾಗುವುದು. ಅಪ್ಪನ ಮಂಚದ ಪಕ್ಕ ಅದನ್ನಿಟ್ಟುಕೊಂಡು ದುರುಗೇಶ ಹಲಗೆಯ ದನಿಯನ್ನು ಹುಡುಕುತ್ತಿದ್ದ. ದನಿ ಹತ್ತಿರ ಬಂದರೆ ಕಾಳಪ್ಪ ಎಡಗೈ ಬೆರಳಿನಿಂದ ಮಂಚದ ಕಟ್ಟಿಗೆ ತಟ್ಟುವನು, ದೂರ ಹೋದರೆ ಮುಖ ತಿರುಗಿಸುವನು. ತಿಂಗಳುಗಟ್ಟಲೆ ನಡೆಯಿತು ಇದು.

ಒಂದು ಸಂಜೆ ಅಂಗಡಿಯಿಂದ ಬರುತ್ತಿದ್ದ ಪಕೀರಮ್ಮನಿಗೆ ಓಣಿಯ ತಿರುವಿನಲ್ಲೇ ಹಲಗೆ ಕೇಳಿಸಿತು. ಗಂಡ ಎದ್ದು ಕೂತಿದ್ದಾನೆ ಎಂದುಕೊಂಡು ಚಪ್ಪಲಿ ಸಹ ಬಿಡದೆ ಒಳಗೆ ಓಡಿದಳು. ಕಾಳಪ್ಪ ಮಲಗಿಯೇ ಇದ್ದ. ಎಡಗೈ ಮಂಚದ ಮೇಲೆ ಆ ಪೆಟ್ಟುಗಳಿಗೆ ಜೊತೆ ಕೊಡುತ್ತಿತ್ತು, ಕಣ್ಣೀರು ಕಿವಿಯವರೆಗೆ ಇಳಿದಿತ್ತು.

"ಸಿಕ್ತವ್ವಾ," ಎಂದ ದುರುಗೇಶ. "ಅಪ್ಪ ಹ್ಞೂಂ ಅಂದ."

ಮುಂಗಾರು ಹಿಡಿಯುವ ಮೊದಲೇ ಕಾಳಪ್ಪ ತೀರಿಕೊಂಡ.

ವರ್ಷದ ನೆನಪಿನ ದಿನ ಹತ್ತಿರ ಬಂದಾಗ ಎಮ್ಮಿಗನೂರಿನ ನೆಂಟರು, ಓಣಿಯವರು ಎಲ್ಲ ಸೇರಿ ಬುದ್ಧವಂದನೆ ಮಾಡುವುದೆಂದೂ, ಆಮೇಲೆ ದುರುಗೇಶ ಅಪ್ಪನ ಹಲಗೆಯನ್ನು ಪೆಟ್ಟಿಗೆಯಿಂದ ಕೇಳಿಸುವುದೆಂದೂ ಮಾತಾಯಿತು. ಪಕೀರಮ್ಮ ಆ ಮಾತಿಗೆ ಜೋತುಬಿದ್ದಳು. ಗಂಡನ ಮುಖ ಫೋಟೋದಲ್ಲಿತ್ತು, ಅಂಗಿ ಗೂಟದಲ್ಲಿತ್ತು. ದನಿ ಒಂದನ್ನು ಮಾತ್ರ ಅವಳು ಅವನು ತೀರಿಕೊಂಡಂದಿನಿಂದ ಕೇಳಿರಲಿಲ್ಲ, ಯಾಕೆಂದರೆ ದುರುಗೇಶ ನಾಬ್‌ಗಳನ್ನು ಕಿತ್ತು, ಸರ್ಕ್ಯೂಟುಗಳನ್ನು ಬಿಚ್ಚಿ, ಎಲ್ಲವನ್ನೂ ಹೊಸ ಕಟ್ಟಿಗೆಯ ಪೆಟ್ಟಿಗೆಗೆ ಅಚ್ಚುಕಟ್ಟಾಗಿ ಕೂಡಿಸುತ್ತಿದ್ದ. ಅದು ಮುಗಿದಿತ್ತು. ಬಾಕಿ ಉಳಿದದ್ದು ಮುಖದ ತಗಡಿನ ಬಣ್ಣ. ಅಲ್ಲಿಗೆ ಬಂದು ಕೆಲಸ ನಿಂತುಬಿಟ್ಟಿತು.

ಪಕೀರಮ್ಮ ಅಂಗಡಿಯಿಂದ ಬಣ್ಣದ ಕಾರ್ಡು ತಂದುಕೊಟ್ಟಳು. ಭಾನುವಾರ ಕಟ್ಟೆಯ ಮೇಲೆ ಅದನ್ನು ಹರಡಿಕೊಂಡು ಕೂತರು.

"ಕರಿದು ಮಸ್ತ್ ಕಾಣ್ತೈತಿ. ಹೊಳಪಿಲ್ಲದ ಕರಿದು, ಮ್ಯಾಲ ಬಿಳಿ ಅಕ್ಷರ," ಎಂದ ದುರುಗೇಶ.

ಪಕ್ಕದ ಮನೆಯ ಎರ್ರಮ್ಮ ಬಟಾಣಿ ಸುಲಿಯುತ್ತ ಕೂತಿದ್ದಳು. "ಕರೆಂಟ್ ಮೀಟರ್ ಕಂಡಂಗ ಕಾಣ್ತೈತಿ ನೋಡಪಾ. ಬಿಲ್ ಹರಿಯಾಕ ಬರ್ತಾರ ನಿನ್ನ ಮನಿಗೆ."

"ನೀಲಿ ಮಾಡ್ರಿ," ಎಂದಳು ಸೊಸೆ ಸುಧಾರಾಣಿ. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮಾತು ಕಡಿಮೆ. "ಮಾವಗ ನೀಲಿ ಅಂದ್ರ ಜೀವ."

"ಯಾವ ನೀಲಿನವ್ವಾ?" ಪಕೀರಮ್ಮ ಕಾರ್ಡಿನ ಮೇಲೆ ಬೆರಳಿಟ್ಟಳು. "ನಮ್ಮ ಬಾವುಟದ ನೀಲಿ ಇದರಾಗಿಲ್ಲ. ಇದು ಹೊಡದ್ರ ನೀರಿನ ಡ್ರಮ್ ಆಗ್ತೈತಿ."

"ಹಳೆ ಬೀರುವಿಂದು? ಸುತ್ತಿಗಿಲೆ ಬಡದಂಗ ಹುಬ್ಬು ತಗ್ಗು ಇರ್ತೈತಲ್ಲ, ಆ ಬೂದಿ ಬಣ್ಣ?" ಎಂದ ದುರುಗೇಶ.

"ಗೀರು ಬಿದ್ರ ಕಾಣಂಗಿಲ್ಲ, ಖರೆ. ಆದ್ರ ಅದರ ಮ್ಯಾಲ ಅಕ್ಷರ ಕೂಡಂಗಿಲ್ಲ," ಎಂದಳು ಪಕೀರಮ್ಮ.

"ಹಂಗಾರ ಕೆಂಪು!" ಎಂದಳು ಎರ್ರಮ್ಮ.

"ಅತ್ತಿ, ಸಂಡೂರು ಅದಿರಿನ ಲಾರಿ ಹಿಂದ ಬೈಕಿನ್ಯಾಗ ಹೋದ ನನ್ನ ಅಂಗಿ ಬಣ್ಣ ಅದು. ದಿನಾ ಒಗದು ಸಾಕಾಗೈತಿ ಇವಳಿಗೆ," ಎಂದು ದುರುಗೇಶ ಹೆಂಡತಿಯ ಕಡೆ ನೋಡಿ ನಕ್ಕ.

ಹೊಳೆಯುವ ಬಣ್ಣವಾದರೆ ದೀಪದ ಕೆಳಗೆ ಕಣ್ಣಿಗೆ ಹೊಡೆಯುತ್ತದೆ ಎಂದು ಅವನು ಫೋನಿನ ಬೆಳಕು ಬಿಟ್ಟು ತೋರಿಸಿದ. ಹೊಳಪಿಲ್ಲದ್ದಕ್ಕೆ ಬೆರಳಿನ ಬೆವರು ಹಿಡಿಯುತ್ತದೆ ಎಂದು ಪಕೀರಮ್ಮ ಹೇಳಿದಳು. ಪೌಡರ್ ಕೋಟಿಂಗ್ ಗಟ್ಟಿ, ಆದರೆ ಭಟ್ಟಿಯಲ್ಲಿ ಬೇಯಿಸುವಾಗ ತೆಳುವಾದ ತಗಡು ಬಳುಕಿದರೆ? ಮಾತು ಸುತ್ತಿ ಸುತ್ತಿ ಅಲ್ಲೇ ಬಂತು. ಸಂಜೆಯಾದರೂ ದುರುಗೇಶ ಯಾವುದಕ್ಕೂ ಹೂಂ ಅನ್ನಲಿಲ್ಲ.

"ಯಾಕಪಾ ಇಷ್ಟು ಯೋಚ್ನಿ?"

"ಬಣ್ಣ ಒಮ್ಮೆ ಹೊಡದ್ರ ಮುಗೀತಲ್ಲವ್ವಾ," ಎಂದ. ಅಷ್ಟೇ ಎಂದ. ಅಪ್ಪನಿಗೆಂದು ಹಿಡಿದ ಕೆಲಸ ಮುಗಿದುಹೋಗುತ್ತದೆ ಎಂಬ ಸಂಕಟ ಅದು ಎಂದುಕೊಂಡಳು ಪಕೀರಮ್ಮ.

ಆ ವಾರ ಕಾರ್ಖಾನೆಯಲ್ಲಿ ಶಟ್‌ಡೌನ್ ಬಿತ್ತು. ಅಂದರೆ ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ದಿನಗಳು, ಗುತ್ತಿಗೆಯವರು ಮನೆಗೆ ಬರುವುದೇ ಇಲ್ಲ. ಮಗ ಅತ್ತ ಹೋದ ಮೇಲೆ ಪಕೀರಮ್ಮ ಗೋಡೆಯಿಂದ ಹಲಗೆ ಇಳಿಸಿದಳು. ಒಂದು ಬದಿ ಇಲಿ ಕಡಿದು ತೊಗಲು ಜೋತಿತ್ತು. ಉಳಿದದ್ದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಪೆಟ್ಟು ಬೀಳುವ ನಡುಭಾಗ ಕೆನೆಯ ಹಾಗೆ ತಿಳಿ. ಅಂಚಿಗೆ ಹೋದಂತೆ ಹೊಗೆ ಕುಡಿದ ಹಳದಿ, ಕಟ್ಟಿದ ಜಾಗದಲ್ಲಿ ಬೆಲ್ಲದ ಕಂದು. ಕಾರ್ಡಿನಲ್ಲಿ ಇಂಥ ಬಣ್ಣ ಹೇಗೆ ಸಿಕ್ಕೀತು?

ಮುಖದ ತಗಡನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದಳು.

ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ನೋಡಿದರೆ ನಾಬ್‌ಗಳ ತೂತುಗಳ ಸುತ್ತ ಪೆನ್ಸಿಲ್ಲಿನ ಗಿಡ್ಡ ಗೆರೆಗಳು. ಒಂದೊಂದು ಕಡೆ ಎರಡೆರಡು, ಒಂದನ್ನು ಹೊಡೆದುಹಾಕಿ ಕೂದಲೆಳೆಯಷ್ಟು ಪಕ್ಕದಲ್ಲಿ ಮತ್ತೊಂದು. ಫಿಟ್ಟರ್‌ಗಳದೂ ಇದೇ ಚಾಳಿ, ಅಳೆದದ್ದನ್ನೇ ಅಳೆಯುತ್ತ ತಗಡೆಲ್ಲ ಗೀಚಿಡುವುದು. ತನ್ನ ಮಗನೂ ಅವರ ಜಾತಿಯವನೇ ಎಂದು ನಗು ಬಂತು. ಥಿನ್ನರಿನ ಬಟ್ಟೆ ಒತ್ತಿ ಒರೆಸಿದಳು. ಒಂದೆರಡು ಗೆರೆ ಆಳಕ್ಕೆ ಕೂತಿದ್ದವು, ಅವಕ್ಕೆ ಪಾಲೀಶ್ ಕಾಗದ ಹಿಡಿದಳು. ಆಮೇಲೆ ಪ್ರೈಮರ್, ಮತ್ತೆ ಉಜ್ಜಾಟ. ಅಂಗೈ ಆಡಿಸಿ, ಎಲ್ಲಿಯೂ ತಡೆಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಬಣ್ಣ ಕಲಸಲು ಕೂತಳು. ಕೆನೆಗೆ ಚೂರು ಕೆಮ್ಮಣ್ಣು, ಅದಕ್ಕೆ ಹಳದಿ, ಕಡ್ಡಿಯ ತುದಿಯಷ್ಟು ಕಪ್ಪು. ಇಲಿ ಕಡಿದ ಹಲಗೆಯ ತೊಗಲಿನ ತುಣುಕೊಂದನ್ನು ಪಕ್ಕದಲ್ಲಿಟ್ಟುಕೊಂಡೇ ಕಲಸಿದಳು.

ತೋಟಪ್ಪನವರು ಬಗ್ಗಿ ನೋಡಿ ನಕ್ಕರು. "ಏನಿದು ಪಕೀರಮ್ಮ, ರೊಟ್ಟಿ ಸೀದಂಗ ಐತಲ್ಲ? ಈ ಬಣ್ಣದ ಬೀರು ಯಾವ ಮದಿವಿಗೆ ಕೊಡ್ತೀ?"

"ಬೀರುವಿಗಲ್ರಿ ಸಾವ್ಕಾರ್ರ. ನಮ್ಮನಿಯವ್ರ ಹಲಗಿ ಬಣ್ಣ. ನಡುವ ತಿಳಿ ಇರ್ಬೇಕ್ರಿ, ಅಂಚಿಗೆ ಹೋಗ್ತಾ ಹೋಗ್ತಾ ಹೊಗಿ ಆಡಿದಂಗ ಕಪ್ಪಾಗಬೇಕು."

ತೋಟಪ್ಪನವರು ನಗುವುದನ್ನು ನಿಲ್ಲಿಸಿದರು. ಆಳನ್ನು ಆಚೆ ಸರಿಸಿ ಪೇಂಟಿನ ಗನ್ನನ್ನು ತಾವೇ ಹಿಡಿದರು. ಅವಳು ಹೇಳಿದಷ್ಟು ದೂರದಿಂದ, ಹೇಳಿದಷ್ಟು ತೆಳ್ಳಗೆ ಹೊಡೆದರು. ಒಣಗಿದ ಮೇಲೆ ಅದು ಹೊಳೆಯಲೂ ಇಲ್ಲ, ಮಂಕಾಗಿಯೂ ಇರಲಿಲ್ಲ. ಇದಕ್ಕಿಂತ ಚೆನ್ನಾಗಿ ತನ್ನ ಕೈಯಲ್ಲಿ ಯಾವ ಕೆಲಸವೂ ಆಗಿಲ್ಲ ಎಂದು ಪಕೀರಮ್ಮನಿಗೆ ಗೊತ್ತಿತ್ತು.

ಶಟ್‌ಡೌನ್ ಮುಗಿಸಿ ದುರುಗೇಶ ಬಂದು, ಬುದ್ಧನ ಪಟದ ಕೆಳಗೆ ಆನಿಸಿಟ್ಟಿದ್ದ ತಗಡನ್ನು ಕಂಡ.

"ಯವ್ವಾ!" ಎಂದ. ಎರಡೂ ಕೈಯಲ್ಲಿ ಎತ್ತಿಕೊಂಡು ಅಂಗೈ ಆಡಿಸಿದ. "ಅಪ್ಪನ ಹಲಗಿ ಇದು. ಹೆಂಗ ಮಾಡಿದ್ಯವ್ವಾ?"

ಪಕೀರಮ್ಮ ನಾಚಿ ಸೆರಗು ಸರಿಮಾಡಿಕೊಂಡಳು. ಅವನು ತಗಡನ್ನು ಬಾಗಿಲ ಕಡೆ ಓರೆ ಹಿಡಿದ. ಇನ್ನೊಂದು ಕಡೆ ಓರೆ ಮಾಡಿದ. ಕಣ್ಣು ತೂತಿನಿಂದ ತೂತಿಗೆ ಓಡುತ್ತಿತ್ತು.

"ಗೆರಿ ಎಲ್ಲದಾವವ್ವಾ?"

"ಯಾವ ಗೆರಿ? ಆ ಪೆನ್ಸಿಲ್ ಗೀಚಿದ್ದಾ? ಒರಿಸಿನಿ. ಒರಿಸದ ಹೆಂಗ ಬಣ್ಣ ಹೊಡಿತಾರ?"

ದುರುಗೇಶ ಮೆಲ್ಲಗೆ ನೆಲದ ಮೇಲೆ ಕೂತ.

"ಅಪ್ಪ ಹ್ಞೂಂ ಅಂದಾಗ ಒಂದೊಂದು ನಾಬ್ ಎಲ್ಲಿ ನಿಂತಿತ್ತೋ ಅಲ್ಲಿ ಹಾಕಿದ ಗೆರಿ ಅವು."

"ದನಿ ಪೆಟಿಗ್ಯಾಗ ಐತಲ್ಲೋ. ಮೊಬೈಲ್‌ನ್ಯಾಗ ಇದ್ದಂಗ."

"ಇಲ್ಲವ್ವಾ. ಈ ಪೆಟಿಗಿಗೆ ನೆನಪಿಲ್ಲ. ಆ ಗೆರಿನ ಅದರ ನೆನಪು. ಗೆರಿ ಅದಾವಲ್ಲ ಅಂತ ರೆಕಾರ್ಡ್ ಸೈತ ಮಾಡ್ಲಿಲ್ಲ ನಾನು. ಬಣ್ಣ ಯಾವ್ದಂತ ಗೊತ್ತಾಗಿದ್ರ ಅವನ್ನ ಕೊರಸಿ ಅಕ್ಷರ ಬರಸ್ತಿದ್ದೆ. ಅದಕ್ಕ ತಡಿಲಿ ಅಂದ್ಕೊಂಡಿದ್ದೆ."

ಸುಧಾರಾಣಿ ಫೋನು ಹುಡುಕಿದಳು. ಒಂದು ಫೋಟೋ ಇತ್ತು. ಬರಿ ತಗಡು ಫೋನಿನ ಬೆಳಕನ್ನು ತಿರುಗಿ ಎಸೆದಿತ್ತು. ಗೆರೆ ಇದ್ದ ಜಾಗದಲ್ಲೆಲ್ಲ ಬಿಳಿ.

ದುರುಗೇಶ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. "ಬಣ್ಣ ಮಾತ್ರ ಭಾಳ ಛಲೋ ಆಗೈತವ್ವಾ," ಎಂದ, ಸಮಾಧಾನಕ್ಕೆ.

ಮರುದಿನ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಪಕೀರಮ್ಮ ತಗಡನ್ನು ತೊಡೆಯ ಮೇಲಿಟ್ಟುಕೊಂಡು, ಮೂಲೆಯ ಒಂದು ತೂತಿನ ಪಕ್ಕ ಉಗುರಿನಷ್ಟು ಜಾಗದಲ್ಲಿ ಬಣ್ಣ ಕೆರೆದು ನೋಡಿದಳು. ಕೆಳಗೆ ಪ್ರೈಮರ್. ಅದನ್ನೂ ಕೆರೆದಳು. ಕೆಳಗೆ ಶುಭ್ರ ತಗಡು. ಒರೆಸದೆ ಬಿಟ್ಟ ಗೆರೆ ಮಾತ್ರ ಎದ್ದು ಬರುತ್ತದೆ. ಅವಳು ಬಿಟ್ಟಿರಲಿಲ್ಲ.

ದುರುಗೇಶ ನಾಬ್‌ಗಳನ್ನು ಕೂಡಿಸಿ ಅವ್ವನನ್ನು ಎದುರಿಗೆ ಕೂರಿಸಿಕೊಂಡ. ಈಗ ಅವಳ ಕಿವಿಯೊಂದೇ ಉಳಿದದ್ದು. ಕಾಳಪ್ಪನ ಹಲಗೆಯನ್ನು ಅವಳಷ್ಟು ಕೇಳಿದವರು ಬೇರೆ ಯಾರಿದ್ದರು?

"ಇದಾ?"

"ಅಲ್ಲ. ಇದು ಒದ್ದಿ ಹಲಗಿ."

"ಇದು?"

"ಬಿಗಿ ಹೆಚ್ಚಾತು."

ಮೊದಮೊದಲು ಅವಳು ತಡವರಿಸುತ್ತಿರಲಿಲ್ಲ. ಹತ್ತಿರ ಬಂದಿದೆ ಎನ್ನುವಳು, ಇನ್ನೂ ಒಣಗಬೇಕು ಎನ್ನುವಳು, ಮಗ ಕೂದಲೆಳೆಯಷ್ಟು ತಿರುಗಿಸುವನು. ಅಲ್ಲ. ಮತ್ತೆ ತಿರುಗಿಸುವನು. ಅಲ್ಲ. ಡ್ಯೂಟಿಯಿಂದ ಬಂದವನು ಮುಖ ತೊಳೆದು ಇದಕ್ಕೇ ಕೂರುತ್ತಿದ್ದ. ದಿನ ಕಳೆದಂತೆ ಅವಳ "ಅಲ್ಲ" ತಡವಾಗಿ ಬರತೊಡಗಿತು. ಅಂಗಡಿಯಲ್ಲಿ ತಗಡು ತಿಕ್ಕುವಾಗಲೂ ಪೆಟ್ಟಿಗೆಯ ದನಿಗಳೇ ತಲೆಯಲ್ಲಿ ಬಡಿದುಕೊಳ್ಳುತ್ತಿದ್ದವು, ನಿನ್ನೆಯದು, ಮೊನ್ನೆಯದು, ಒದ್ದೆಯದು, ಬಿಗಿಯದು. ಅವುಗಳ ಹಿಂದೆ ಎಲ್ಲೋ ಕಾಳಪ್ಪ ಬಾರಿಸುತ್ತಿದ್ದ. ಅವಳು ಕಿವಿಗೊಟ್ಟಷ್ಟೂ ಅವನು ಓಣಿ ದಾಟಿ ಆಚೆ ಆಚೆಗೆ ಹೋಗುತ್ತಿದ್ದ.

ನೆನಪಿನ ದಿನ ಬೆಳಿಗ್ಗೆ, ಜನ ಬರುವ ಮೊದಲು, ದುರುಗೇಶ ಮತ್ತೊಮ್ಮೆ ಬಾರಿಸಿದ.

"ಇದಾ ಅವ್ವಾ?"

ಪಕೀರಮ್ಮ ಕಣ್ಣು ಮುಚ್ಚಿದಳು. ಯಾವುದರ ಜೊತೆ ಇದನ್ನು ಹೋಲಿಸಿ ನೋಡಬೇಕೋ ಅದೇ ಅವಳೊಳಗೆ ಇರಲಿಲ್ಲ.

"ಗೊತ್ತಾಗವಲ್ದಪಾ," ಎಂದಳು. "ನನಗೀಗ ಏನೂ ಗೊತ್ತಾಗವಲ್ದು."

ಅವನು ಸ್ವಿಚ್ಚು ಆರಿಸಿದ.

ಜನ ಬಂದರು. ಮೇಣದ ಬತ್ತಿ ಹಚ್ಚಿ, ವಂದನೆ ಹೇಳಿ, ಕಾಳಪ್ಪನ ಫೋಟೋಕ್ಕೆ ಹೂವಿಟ್ಟರು. ಎಮ್ಮಿಗನೂರಿನಿಂದ ಬಂದ ಮುದುಕರೊಬ್ಬರು ಪೆಟ್ಟಿಗೆಯ ಮುಂದೆ ಕೂತು ಬಣ್ಣವನ್ನೇ ನೋಡುತ್ತಿದ್ದರು. ಎರ್ರಮ್ಮ ಅದರ ಮೇಲೆ ಅಂಗೈ ಆಡಿಸಿದಳು. "ತೊಗಲಿಗೆ ಕೈ ಇಟ್ಟಂಗ ಆಗ್ತೈತಿ ನೋಡ್ರೆವ್ವಾ. ಕಾಳಪ್ಪಣ್ಣ ಈಗ ಕಾಯಿಸಿ ಇಟ್ಟು ಹೋದಂಗ ಐತಿ," ಎಂದು, ದುರುಗೇಶನ ಕಡೆ ತಿರುಗಿದಳು. "ಎಲ್ಲಿ, ಬಾರಿಸಪಾ. ಕೇಳೂಣು."

ದುರುಗೇಶ ಅವ್ವನ ಮುಖ ನೋಡಿದ. ಪಕೀರಮ್ಮ ಎದ್ದು, ಬಂದವರಿಗೆ ನೀರು ಕೊಟ್ಟಿಲ್ಲವೆಂದು, ಒಳಗೆ ಹೋದಳು. ಕೊಡದ ಮುಂದೆ ಚೆಂಬು ಹಿಡಿದು ನಿಂತಳು. ಹೊರಗೆ ಎಲ್ಲರೂ ಮೊದಲ ಪೆಟ್ಟಿಗಾಗಿ ಕಾಯುತ್ತಿದ್ದರು.