ಬುಡ ಮೇಲಾದ ಕಂಬ

ಶ್ರೀರಂಗಪಟ್ಟಣದ ಹತ್ತಿರದ ಆ ಹಳೇ ಚರ್ಚಿನಲ್ಲಿ ಗೋಡೆ, ನಾಡಹೆಂಚು ಬಿಟ್ಟರೆ ಮಿಕ್ಕಿದ್ದೆಲ್ಲ ಮರವೇ. ಎಂಟು ತೇಗದ ಕಂಬ, ಮೇಲೆ ತೊಲೆ, ಜಂತೆ. ಕಟ್ಟಿದ್ದು ಆಚಾರಿಯಾಗಿದ್ದ ನಮ್ಮ ಮುತ್ತಾತ. ಅವನು ಬೇರೆ ಚರ್ಚು ಕಂಡಿದ್ದನೋ ಇಲ್ಲವೋ, ತೊಟ್ಟಿಮನೆಗೆ ಮಾಡುವ ಹಾಗೆ ಕಂಬದ ತಲೆಯ ಬೋದಿಗೆಗೆಲ್ಲ ಕಮಲ ಕೆತ್ತಿ, ಅದರ ಮೇಲೊಂದು ಶಿಲುಬೆ ಕೂರಿಸಿದ್ದಾನೆ. ಎಲ್ಲೂ ಮೊಳೆಯಿಲ್ಲ, ಎಲ್ಲ ಮರದ ಗೂಟ. ರಿಪೇರಿ ಅಂದಿನಿಂದಲೂ ನಮ್ಮ ಮನೆಯವರದೇ.

ಹೋದ ವರ್ಷ ಗೆದ್ದಲು ಹಿಡಿದ ಒಂದು ಕಂಬ ಬದಲಿಸಲು ನನ್ನನ್ನು ಕರೆದರು. ಸೋಮವಾರ ಅಲ್ಲೊಂದು ಮದುವೆ. ಶನಿವಾರ ಮಧ್ಯಾಹ್ನ ಹೊಸ ಕಂಬ ನಿಲ್ಲಿಸಿ, ಬಣ್ಣ ಒಂದು ಬಾಕಿ ಎಂದು ಉಸ್ಸಪ್ಪಾ ಅಂತ ಕೂತಿದ್ದೆ. ಅಷ್ಟರಲ್ಲಿ ಅಪ್ಪ ಬಂದ. ಕರೆದವರು ಯಾರು? ಎಂಬತ್ತು ದಾಟಿದೆ, ಬಸ್ಸು ಹತ್ತಬೇಡ ಎಂದರೆ ಕೇಳುವ ಆಸಾಮಿಯಲ್ಲ. ಕಂಬದ ಮೇಲೆ ಕೊಂಬೆಯ ಗುರುತಾಗಿ ಉಳಿದ ಗಂಟುಗಳಿಗೆ ಹೆಬ್ಬೆರಳಾಡಿಸಿದ.

“ಬುಡ ಮ್ಯಾಲಕ್ಕೆ ಮಾಡ್ಬುಟ್ಟಿದ್ದೀಯಲ್ಲೋ! ಇಳ್ಸು.”

ಮರ ಕಾಡಿನಲ್ಲಿ ನಿಂತಿದ್ದ ಹಾಗೇ ಕಂಬವೂ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಇದು ನಮ್ಮವರ ಕಟ್ಟಳೆ. ಕೊಂಬೆ ಮೇಲ್ಮುಖವಾಗಿ ಬೆಳೆಯುವುದರಿಂದ ಗಂಟು ಕೆಳಮುಖವಾಗಿದ್ದರೆ ಕಂಬ ತಲೆಕೆಳಗು ಎಂದೇ ಲೆಕ್ಕ. ಅವಸರದಲ್ಲಿ ನಾನು ನೋಡಿರಲಿಲ್ಲ. ತಪ್ಪು ನನ್ನದೇ, ಆದರೂ ಮೈಯೆಲ್ಲ ಉರಿದುಹೋಯಿತು.

“ಬಣ್ಣ ಬಳುದ್ರೆ ಯಾರ್ಗ್ ಗೊತ್ತಾಯ್ತದಪ್ಪಾ? ನಾಡಿದ್ದೇ ಮದ್ವೆ!”

“ನಂಗ್ ಗೊತ್ತಾಯ್ತಲ್ಲ.”

ಗಲಾಟೆ ಕೇಳಿ ಫಾದರು ಬಂದರು. “ಇರಲಿ ಬಿಡಿ ಯಜಮಾನರೇ, ದೇವರು ಕ್ಷಮಿಸ್ತಾನೆ.”

“ದ್ಯಾವ್ರು ಬುಡ್ತಾನೆ ಬುದ್ದಿ, ನಾನ್ ಬುಡಕಿಲ್ಲ.”

ಈ ಮುದುಕನ ಜೊತೆ ಏಗಿ ಏಗಿ ನನಗೂ ಅರವತ್ತಾಗುತ್ತಾ ಬಂತು. ನಾನು ಉಳಿ ಹಿಡಿದ ದಿನದಿಂದ ಒಂದು ಸಲವಾದರೂ ಚೆನ್ನಾಗಿದೆ ಅಂದಿದ್ದರೆ ಕೇಳಿ. ಇವರ ಕಾಲದ ಕೆಲಸ ಎಷ್ಟು ನೆಟ್ಟಗಿದೆ ನೋಡಿಯೇಬಿಡೋಣ ಎಂದು ಸಿಟ್ಟಿನಲ್ಲಿ, ಹಿಂದೆಂದೋ ಬದಲಿಸಿದ್ದ ಪಕ್ಕದ ಹಳೇ ಕಂಬದ ಬಣ್ಣ ಕೆರೆದೆ. ಅಲ್ಲೂ ಗಂಟುಗಳು ಕೆಳಮುಖ! ನನಗೆ ಖುಷಿಯೋ ಖುಷಿ.

“ನೋಡಪ್ಪಾ, ಇದೂ ತಲೆಕೆಳ್ಗೆ. ಇದ್ನ ಯಾವನ್ ನಿಲ್ಸಿದ್ದು?”

ಅಪ್ಪ ಆ ಕಡೆ ತಿರುಗಲೇ ಇಲ್ಲ.

“ನಾನೇ ಕಣ್ಲಾ. ನಮ್ಮಪ್ಪ ತೀರ್ಕಂಡು ತಿಂಗ್ಳಾಗಿತ್ತು. ಇಳ್ಸು ಅನ್ನಾಕೆ ಯಾರೂ ಇರ್ನಿಲ್ಲ.”

ನನ್ನ ಖುಷಿಯೆಲ್ಲ ಇಳಿದುಹೋಯಿತು. ಕಂಬವನ್ನೂ ಇಳಿಸಿದೆ. ಮದುವೆ ಹೊರಗೆ ಚಪ್ಪರದಲ್ಲಾಯಿತು. ಹೆಣ್ಣಿನ ತಾಯಿ ಬಾಯಿಗೆ ಬಂದ ಹಾಗೆ ಬೈದದ್ದು ನನ್ನನ್ನೇ. ಅಪ್ಪ ಮೊದಲ ಪಂಕ್ತಿಯಲ್ಲೇ ಕೂತು ಉಂಡ.