ಉಪ್ಪಿನ ಗೋದಾಮಿನ ಬೋಗಿ ಕಂಬಗಳು

ಹಳೆಯ ಮರ ಕೊಳ್ಳುವ ನಮ್ಮ ವ್ಯಾಪಾರದಲ್ಲಿ ಒಂದು ರೂಢಿಯಿದೆ. ಮಾಲು ಎಷ್ಟೇ ಚೆನ್ನಾಗಿರಲಿ, ಮೊದಲ ದಿನ ಅದನ್ನು ಹಳಿಯಬೇಕು. ನಾನು "ಎಲ್ಲ ಹುಳ ತಿಂದಿದೆ" ಎನ್ನಬೇಕು, ಮಾರುವವರು "ಕಣ್ಣು ಬಿಟ್ಟು ನೋಡಿ ಮಾರ್ರೆ" ಎನ್ನಬೇಕು. ಆಮೇಲೆ ಚಹಾ, ಆಮೇಲೆ ರೇಟು. ಕಾಪುವಿನಿಂದ ಕಾರ್ಕಳದವರೆಗೆ ಎಷ್ಟೋ ಮನೆಗಳ ತೊಲೆ, ಬಾಗಿಲು, ಹಂಚು ನನ್ನ ಕೈದಾಟಿ ಹೋಗಿವೆ. ನಾನು ಹಳಿದದ್ದನ್ನು ಒಬ್ಬರೂ ನಂಬಿದ್ದಿಲ್ಲ. ಹಾಗಾಗಿ ಕಲ್ಯಾಣಪುರದ ಉಪ್ಪಿನ ಗೋದಾಮಿನಲ್ಲೂ ಯೋಚಿಸದೆ ಅದನ್ನೇ ಹೇಳಿದೆ.

ಆ ಗೋದಾಮು ಸ್ವರ್ಣಾ ನದಿಯ ದಡದಲ್ಲಿದೆ. ಹಿಂದೆ ದೋಣಿಗಳಲ್ಲಿ ಬಂದ ಉಪ್ಪು ಅಲ್ಲಿ ಇಳಿಯುತ್ತಿತ್ತು. ಅದನ್ನು ಒಂದು ವಿಶ್ವವಿದ್ಯಾಲಯ ಕೊಂಡು, ವಿನ್ಯಾಸ ಕಲಿಸುವ ಕೇಂದ್ರವಾಗಿ ಮಾಡಲು ಹೊರಟಿತ್ತು. ಕೆಲಸದ ಹೊಣೆ ಹೊತ್ತವರು ಮೈಸೂರು ಕಡೆಯ ಆರ್ಕಿಟೆಕ್ಟ್ ಮೇಡಂ. ಒಳ್ಳೆಯ ಮರವನ್ನು ಉಳಿಸಿಕೊಂಡು ಕೆಟ್ಟದ್ದನ್ನು ಮಾರುವುದು ಅವರ ಯೋಜನೆ. ಕೆಟ್ಟದ್ದನ್ನು ಕೊಳ್ಳಲು ನನ್ನನ್ನು ಕರೆದಿದ್ದರು.

ಕಂಬಗಳ ಮೈ ಉಪ್ಪು ಕುಡಿದು ಬೂದು ಬಣ್ಣಕ್ಕೆ ತಿರುಗಿತ್ತು, ಹತ್ತಿಯಂತೆ ನಾರು ಎದ್ದಿತ್ತು. ಬೆರಳ ಗೆಣ್ಣಿನಿಂದ ಬಡಿದೆ. ಗಟ್ಟಿ ಸದ್ದು, ಒಳಗೆ ಮರ ಚೆನ್ನಾಗಿಯೇ ಇದೆ. ಮುಖ ಸಪ್ಪೆ ಮಾಡಿಕೊಂಡು ಹೇಳಿದೆ:

"ಎಲ್ಲ ಹೋಗಿದೆ ಮೇಡಂ. ಒಲೆಗೆ ಬಿಟ್ಟರೆ ಎಂತದಕ್ಕೂ ಆಗುವುದಿಲ್ಲ."

ಅವರು ಹೇಳಬೇಕಾದ ಮಾತು ಹೇಳಲಿಲ್ಲ. "ಹೌದಾ?" ಎಂದು ಪುಸ್ತಕದಲ್ಲಿ ಬರೆದುಕೊಂಡರು. ಚಹಾವೂ ಬರಲಿಲ್ಲ.

ವಾರದ ಮೇಲೆ ಮೇಡಂ ಫೋನು ಬಂತು. "ಯಜಮಾನ್ರೇ, ನೀವು ಹೇಳಿದ್ದು ಒಳ್ಳೇದಾಯ್ತು. ಕಂಬಾನೇ ಹೋದ್ಮೇಲೆ ಗೋಡೆ ಇಟ್ಕೊಂಡು ಏನ್ಮಾಡೋದು? ಪೂರ್ತಿ ಕೆಡವಿ ಹೊಸದು ಕಟ್ಟೋಣ ಅಂತಿದ್ದಾರೆ ವಿಶ್ವವಿದ್ಯಾಲಯದವರು. ಸೋಮವಾರ ಮೀಟಿಂಗು. ಮರ ಎಲ್ಲ ನಿಮಗೇ."

ಕುಣಿಯಬೇಕಾದ ಮನುಷ್ಯ ನಾನು. ಕುಣಿಯಲಾಗಲಿಲ್ಲ. ನನ್ನ ಮೊದಲ ವ್ಯಾಪಾರ ಆದದ್ದು ಅದೇ ಗೋದಾಮಿನ ಅಂಗಳದಲ್ಲಿ. ಕೈಯಲ್ಲಿ ಏನೂ ಇಲ್ಲದ ಕಾಲ. ಅಲ್ಲಿ ಲೆಕ್ಕ ಬರೆಯುತ್ತ ಉಸ್ತುವಾರಿ ನೋಡುತ್ತಿದ್ದ ರೈಟರು ಹಳೆ ಹಂಚಿನ ರಾಶಿ ತೋರಿಸಿ, "ಜಾಗ ಖಾಲಿ ಮಾಡಿಕೊಡು, ಹಂಚು ನಿನಗೆ" ಎಂದಿದ್ದರು. ಕಂಬವನ್ನು ಬಡಿದು ಕೇಳುವುದನ್ನು ಕಲಿಸಿದವರೂ ಅವರೇ. ನನ್ನ ಮನೆಯ ಅನ್ನ ಶುರುವಾದದ್ದು ಆ ಹಂಚಿನಿಂದ.

ಬಂಗುಡೆ ಮೀನು ಕೊಯ್ಯುತ್ತಿದ್ದ ಹೆಂಡತಿಗೆ ವಿಷಯ ಹೇಳಿದೆ. "ಇಷ್ಟು ವರ್ಷ ನಿಮ್ಮ ಸುಳ್ಳನ್ನು ಯಾರೂ ನಂಬಲಿಲ್ಲ ಅಲ್ವಾ? ಈಗ ಒಬ್ಬರು ನಂಬಿದ್ದಾರೆ. ಅನುಭವಿಸಿ" ಎಂದಳು.

ಮರುದಿನ ಬೆಳಿಗ್ಗೆ ಮರ ಕೊರೆಯುವ ಬೈರಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೋದೆ.

"ಮೇಡಂ, ನಾನು ಅವತ್ತು ಹೇಳಿದ್ದು ಸುಳ್ಳು."

"ಯಾಕೆ ಹೇಳಿದ್ರಿ?"

"ಅದು ಸುಳ್ಳು ಅಂತ ನಿಮಗೆ ಗೊತ್ತಿರ್ತದೆ ಅಂದುಕೊಂಡೆ."

ಅವರು ನಗಲಿಲ್ಲ. "ಇವತ್ತಿನದು ನಿಜ ಅಂತ ಹೇಗೆ ನಂಬಲಿ?"

ನ್ಯಾಯವಾದ ಪ್ರಶ್ನೆ. "ನನ್ನನ್ನು ನಂಬುವುದು ಬೇಡ. ಯಾವ ಕಂಬ ಕೊರೆಯಬೇಕು ಅಂತ ನೀವೇ ತೋರಿಸಿ."

ಅವರು ತೋರಿಸಿದ್ದು ನೋಡಲು ಎಲ್ಲಕ್ಕಿಂತ ಕೆಟ್ಟದ್ದನ್ನು. ಬೈರಿಗೆ ಇಟ್ಟು ತಿರುಗಿಸಿದೆ. ಬೂದು ಪುಡಿ ಉದುರಿತು. ಇನ್ನೂ ಉದುರಿತು. ನನ್ನ ಗೆಣ್ಣೇ ನನಗೆ ಸುಳ್ಳು ಹೇಳಿತೇ ಎಂದುಕೊಳ್ಳುತ್ತ ಇನ್ನಷ್ಟು ಒತ್ತಿದೆ. ಅಷ್ಟರಲ್ಲಿ ಬೈರಿಗೆ ಕಚ್ಚಿ ನಿಂತಿತು. ಬಲ ಹಾಕಿ ತಿರುಗಿಸಿದಾಗ ಕೆಂಪುಗಂದು ಸುರುಳಿಗಳು ಬಂದವು. ಅಪ್ಪಟ ಬೋಗಿ, ನಮ್ಮ ಕರಾವಳಿಯಲ್ಲಿ ಕಂಬ ತೊಲೆಗಳಿಗೆ ಹಾಕುವ ಗಟ್ಟಿ ಕಾಡುಮರ. ಮೇಲಿನ ಪದರವನ್ನು ಕೆಡಿಸಿದ ಉಪ್ಪೇ ಒಳಕ್ಕೆ ಗೆದ್ದಲು ಹೋಗದಂತೆ ಕಾದಿತ್ತು. ಮೇಡಂ ಸುರುಳಿಯನ್ನು ಅಂಗೈಯಲ್ಲಿಟ್ಟು ಮೂಸಿದರು. ಆಮೇಲೆ ಒಂದನ್ನೂ ಬಿಡದೆ ಎಲ್ಲ ಕಂಬಗಳನ್ನು ಕೊರೆಸಿದರು. ಸಂಜೆಗೆ ನನ್ನ ಅಂಗೈ ತುಂಬ ಬೊಬ್ಬೆ. ನಿಜಕ್ಕೂ ಹೋಗಿದ್ದದ್ದು ನದಿ ಬದಿಯ ಎರಡು ಮಾತ್ರ.

ಸೋಮವಾರದ ಮೀಟಿಂಗಿನಲ್ಲಿ ಗೋದಾಮು ಉಳಿಯಿತು. ನನಗೆ ಸಿಕ್ಕಿದ್ದು ಆ ಎರಡು ಕಂಬ. ಅವುಗಳ ಜಾಗಕ್ಕೆ ಬಜಗೋಳಿಯಲ್ಲಿ ಬಿಚ್ಚಿದ ಒಂದು ಮನೆಯ ಬೋಗಿ ಕಂಬಗಳನ್ನು ಒಯ್ದೆ. ಮೇಡಂ ಅವುಗಳ ಸುತ್ತ ಒಂದು ಸುತ್ತು ಬಂದು, ಮುಖ ಸಪ್ಪೆ ಮಾಡಿ, "ಹುಳ ಹಿಡಿದ ಹಾಗಿದೆಯಲ್ಲ ಯಜಮಾನ್ರೇ?" ಎಂದರು.

"ಕಣ್ಣು ಬಿಟ್ಟು ನೋಡಿ ಮೇಡಂ!"

ಅವತ್ತು ಚಹಾ ಬಂತು.

ಹಳೆ ಕಟ್ಟಡ ಇರುವವರಿಗೆ ನನ್ನದೊಂದು ಸಲಹೆ. ಮರ ಹೇಗಿದೆ ಎಂದು ಅದನ್ನು ಕೊಳ್ಳಲು ಬಂದವನನ್ನು ಕೇಳಬೇಡಿ. ಕೇಳಿದರೂ ಅವನ ಕೈಗೊಂದು ಬೈರಿಗೆ ಕೊಟ್ಟು ಕೇಳಿ.

ಈಗ ಗೋದಾಮಿನ ಕೇಂದ್ರಕ್ಕೆ ಹೊಸ ವಿದ್ಯಾರ್ಥಿಗಳು ಬಂದಾಗಲೆಲ್ಲ ನನ್ನನ್ನು ಕರೆಸುತ್ತಾರೆ. ಏಳನೇ ತರಗತಿ ದಾಟದವನನ್ನು "ಸರ್" ಎನ್ನುತ್ತಾರೆ. ರೈಟರು ಇದ್ದಿದ್ದರೆ ಎಷ್ಟು ನಗುತ್ತಿದ್ದರೋ. ಅವರು ಕಲಿಸಿದಂತೆಯೇ ಬಡಿದು ಕೇಳಿಸುತ್ತೇನೆ. ಅವತ್ತು ಮೊದಲು ಕೊರೆದ ಕಂಬದ ತೂತನ್ನು ಮೇಡಂ ಮುಚ್ಚಿಸಲಿಲ್ಲ. ಅದರಲ್ಲಿ ಸದಾ ಯಾರದೋ ಪೆನ್ಸಿಲು ಸಿಕ್ಕಿಸಿರುತ್ತದೆ. ಅದನ್ನು ಎಳೆದು ಪೆನ್ಸಿಲಿನವರ ಕೈಗೆ ಕೊಟ್ಟ ಮೇಲೆಯೇ ನನ್ನ ಪಾಠ ಶುರು.