ಮಂಗಳಗೌರಿಯ ಗಂಟಲ ಸದ್ದು

ಗುಬ್ಬಿಯ ಪೋಸ್ಟ್‌ಮ್ಯಾನ್ ರಾಮಾಂಜಿನಯ್ಯನ ಮಗಳು ಮಂಗಳಗೌರಿಗೆ ಕಣ್ಣು ಪಿಳಿಪಿಳಿ ಬಡಿಯುವುದು ಶುರುವಾದದ್ದು ತೊಂಬತ್ತನೇ ಇಸವಿಯಲ್ಲಿ. ಆಗ ಅವಳು ಆರನೇ ಕ್ಲಾಸು. ಕಣ್ಣಿಗೆ ಧೂಳು ಬಿದ್ದಿರಬೇಕೆಂದು ತಾಯಿ ಹನುಮಂತಮ್ಮ ಸೆರಗಿನ ತುದಿಯನ್ನು ಊದಿ ಬೆಚ್ಚಗೆ ಮಾಡಿ ಒತ್ತಿದಳು. ಮೂರು ತಿಂಗಳಾದರೂ ನಿಲ್ಲದಿದ್ದಾಗ ತುಮಕೂರಿಗೆ ಕರೆದುಕೊಂಡು ಹೋಗಿ ಕನ್ನಡಕ ಹಾಕಿಸಿದರು. ಕಣ್ಣೇನೋ ಕೊಂಚ ಸುಮ್ಮನಾಯಿತು, ಆದರೆ ಕತ್ತು ಎಡಕ್ಕೆ ಜಗ್ಗತೊಡಗಿತು. ಅದರ ಹಿಂದೆಯೇ ಗಂಟಲಿನಿಂದ ‘ಹ್ಕ್’ ಎನ್ನುವ ಸದ್ದೊಂದು ಬಂತು. ಗೊತ್ತಿಲ್ಲದವರಿಗೆ ಯಾರೋ ಅಣಕಿಸಿ ನಕ್ಕಂತೆ ಕೇಳಿಸುತ್ತಿತ್ತು.

ಲೆಕ್ಕದ ಮೇಷ್ಟ್ರಿಗೂ ಹಾಗೆಯೇ ಕೇಳಿಸಿತು. ಅವಳನ್ನು ಎಷ್ಟೋ ದಿನ ಕ್ಲಾಸಿನ ಹೊರಗೆ ನಿಲ್ಲಿಸಿದರು. ತಡೆದುಕೊಳ್ಳಲು ಆಗುವುದಿಲ್ಲವೇ ಎಂದು ಎಲ್ಲರೂ ಕೇಳುವವರೇ. ತಡೆಯಲು ಆಗುತ್ತಿತ್ತು, ಆದರೆ ಸೀನು ತಡೆದ ಹಾಗೆ, ಸ್ವಲ್ಪ ಹೊತ್ತು ಮಾತ್ರ. ಬೆಲ್ಲು ಹೊಡೆದೊಡನೆ ಸ್ಕೂಲಿನ ಹಿಂದಿನ ಗೋಡೆಯ ಹತ್ತಿರ ಓಡಿಹೋಗಿ, ತಡೆದಿಟ್ಟದ್ದನ್ನೆಲ್ಲ ಒಟ್ಟಿಗೆ ಹೊರಗೆ ಬಿಟ್ಟು, ಕತ್ತು ಹಿಡಿದುಕೊಂಡು ವಾಪಸ್ಸು ಬರುತ್ತಿದ್ದಳು. ತಾಯಿ ತಾಯಿತ ಕಟ್ಟಿಸಿದಳು, ಹರಕೆ ಹೊತ್ತಳು, ಒಮ್ಮೊಮ್ಮೆ ಸಿಟ್ಟಿನಲ್ಲಿ ಬೆನ್ನಿಗೆ ಗುದ್ದಿದ್ದೂ ಉಂಟು. ರಾಮಾಂಜಿನಯ್ಯ ಮಾತ್ರ, ಮಗು ಬೇಕೆಂದು ಮಾಡುತ್ತಿಲ್ಲ, ಅದನ್ನು ಬಯ್ಯಬೇಡ ಎನ್ನುತ್ತಿದ್ದ.

ಅಪ್ಪನಿಗೂ ಹೇಳದ ಇನ್ನೊಂದು ಸಂಗತಿ ಅವಳಲ್ಲಿತ್ತು. ಬಾಗಿಲ ಚಿಲಕವನ್ನು ಸರಿಯಾಗಿ ಹಾಕದಿದ್ದರೆ ಟಪಾಲು ಹಂಚಲು ಹೋದ ಅಪ್ಪನ ಸೈಕಲ್ಲಿಗೆ ಲಾರಿ ಬಡಿಯುತ್ತದೆ ಎಂಬ ಯೋಚನೆ ಒಂದು ದಿನ ತಲೆಗೆ ಹೊಕ್ಕಿತು. ಇದು ಸುಳ್ಳೆಂದು ಬುದ್ಧಿಗೆ ಗೊತ್ತಿತ್ತು, ಕೈ ಕೇಳುತ್ತಿರಲಿಲ್ಲ. ಚಿಲಕ ಬಿದ್ದ ಸದ್ದು ಮನಸ್ಸಿಗೆ ಒಪ್ಪುವವರೆಗೂ ತೆಗೆದು ಹಾಕಬೇಕು. ಒಂದೊಂದು ದಿನ ನಾಲ್ಕು ಸಲಕ್ಕೆ ಒಪ್ಪುತ್ತಿತ್ತು, ಒಂದೊಂದು ದಿನ ಇಪ್ಪತ್ತಕ್ಕೂ ಇಲ್ಲ. ಆಮೇಲಾಮೇಲೆ ಕೈ ತೊಳೆಯುವುದೂ ಸೇರಿಕೊಂಡಿತು. ಇಷ್ಟೆಲ್ಲ ಮುಗಿಸಿ ಹೊರಡುವಷ್ಟರಲ್ಲಿ ಎದೆ ಡವಗುಟ್ಟಿ ಅವಳಿಗೆ ಸಾಕುಸಾಕಾಗುತ್ತಿತ್ತು.

ಪಿಯುಸಿ ಮುಗಿದ ಮೇಲೆ ಕಾಲೇಜು ಬೇಡವೆಂದಳು. ತೊಂಬತ್ತೇಳರಲ್ಲಿ ಅಪ್ಪ ಅವಳನ್ನು ತುಮಕೂರಿನಲ್ಲಿ ಪುಟ್ಟರಂಗಯ್ಯನವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ. ಪುಟ್ಟರಂಗಯ್ಯನವರು ಬಿಳಿ ಅಂಗಿಯ, ಮಾತು ಕಡಿಮೆಯ ಮನುಷ್ಯ. ಒಂದೇ ಹಾಲಿನಲ್ಲಿ ಇಪ್ಪತ್ತೆರಡು ಮಿಷನ್ನುಗಳು. ಮೊದಲ ದಿನ ಹೆದರುತ್ತಲೇ ಕೂತ ಮಂಗಳಗೌರಿಗೆ ಹತ್ತು ನಿಮಿಷದಲ್ಲಿ ಒಂದು ವಿಷಯ ತಿಳಿಯಿತು. ಆ ಟಕಟಕ ಗದ್ದಲದಲ್ಲಿ ಅವಳ ಗಂಟಲ ಸದ್ದು ಪಕ್ಕದವಳಿಗೂ ಕೇಳಿಸುತ್ತಿರಲಿಲ್ಲ. ಎಲ್ಲರ ಕಣ್ಣೂ ಕಾಗದದ ಮೇಲಿದ್ದುದರಿಂದ ಅವಳ ಕತ್ತನ್ನು ನೋಡುವವರೂ ಇರಲಿಲ್ಲ. ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಒಂದಿಡೀ ಗಂಟೆ ಏನನ್ನೂ ತಡೆಯದೆ ಕೂತಿದ್ದಳು. ಮರುದಿನ ಬಸ್ಸು ತಪ್ಪೀತೆಂದು ಅರ್ಧ ಗಂಟೆ ಮೊದಲೇ ಸ್ಟ್ಯಾಂಡಿಗೆ ಹೋಗಿ ನಿಂತಳು.

ಬೆರಳು ಚುರುಕಾಗಿತ್ತು, ತೊಂದರೆ ಬೇರೆ ಕಡೆಯಿತ್ತು. ಒಂದಕ್ಷರ ತಪ್ಪಿದರೂ ಹಾಳೆ ಎಳೆದು ಹರಿದು ಮೊದಲಿನಿಂದ ಹೊಡೆಯುತ್ತಿದ್ದಳು. ಜೂನಿಯರ್ ಪರೀಕ್ಷೆಯಲ್ಲೂ ಹಾಗೆ ಎರಡು ಸಲ ಹಾಳೆ ಬದಲಿಸಿ ಫೇಲಾದಳು. ಪುಟ್ಟರಂಗಯ್ಯನವರು ಬಯ್ಯಲಿಲ್ಲ. ಅವಳ ಪಕ್ಕ ಸ್ಟೂಲು ಎಳೆದು ಕೂತು, ತಪ್ಪಿದ ಅಕ್ಷರ ತಪ್ಪಿದಲ್ಲೇ ಇರಲಿ, ಸಾಲು ಮುಂದಕ್ಕೆ ಹೋಗಲಿ ಎಂದರು. ಅವರು ಎದುರಿಗೆ ಕೂತಿದ್ದಷ್ಟು ದಿನ ಅದು ಸಾಧ್ಯವಾಯಿತು. ಎರಡನೇ ಸಲಕ್ಕೆ ಜೂನಿಯರ್ ಪಾಸಾದಳು, ಸೀನಿಯರನ್ನು ಒಂದೇ ಏಟಿಗೆ ಮುಗಿಸಿದಳು.

ಕುಣಿಗಲ್ಲಿನಲ್ಲಿ ಸೋದರತ್ತೆ ದೊಡ್ಡಗಂಗಮ್ಮನ ಮನೆಯಿತ್ತು. ಅಲ್ಲಿದ್ದುಕೊಂಡು ತಾಲ್ಲೂಕು ಕಚೇರಿಯ ಎದುರಿನ ಪತ್ರ ಬರಹಗಾರ ಚನ್ನವೀರಯ್ಯನವರ ಬಳಿ ಟೈಪಿಸ್ಟಾಗಿ ಸೇರಿದಳು. ಚನ್ನವೀರಯ್ಯನವರಿಗೆ ಕೆಲಸ ಚೊಕ್ಕಟವಾಗಿದ್ದರೆ ಸಾಕು, ಮಿಕ್ಕಿದ್ದು ಬೇಕಿರಲಿಲ್ಲ. ಎರಡು ಟೈಪ್‌ರೈಟರು, ಹೊರಗೆ ಬಸ್ಸುಗಳ ಹಾರನ್ನು. ಮೂರು ವರ್ಷ ಹೇಗೋ ನಡೆದುಹೋಯಿತು.

ಎರಡು ಸಾವಿರದ ಎರಡರಲ್ಲಿ ಅಂಗಡಿಗೆ ಕಂಪ್ಯೂಟರ್ ಬಂತು. ಮಿಷನ್ನುಗಳನ್ನು ಮೂಲೆಗೆ ಸರಿಸಿ ಬಟ್ಟೆ ಹೊದಿಸಿದರು, ಧೂಳು ಬರಬಾರದೆಂದು ಅಂಗಡಿಗೆ ಗಾಜಿನ ಬಾಗಿಲೂ ಬಂತು. ಎಲ್ಲರಿಗೂ ಸಂತೋಷ. ಮಂಗಳಗೌರಿಗೆ ಮಾತ್ರ ಕೂತಲ್ಲೇ ಬೆವರು. ಆ ಹೊಸ ಕೀಲಿಮಣೆಗೆ ಸದ್ದೇ ಇರಲಿಲ್ಲ.

ಒಂದು ಸೋಮವಾರ ಹುತ್ರಿದುರ್ಗದಿಂದ ಕೊಲ್ಲಾಪುರಮ್ಮ ಎಂಬ ಹೆಂಗಸು ಬಂದಳು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಜಮೀನನ್ನು ತನ್ನ ಹೆಸರಿಗೆ ಪೌತಿ ಖಾತೆ ಮಾಡಿಸಲು ಅರ್ಜಿ ಬರೆಸಬೇಕಿತ್ತು. ಗಂಡನ ಹೆಸರು ಹೇಳಿ, ಸತ್ತ ದಿನ ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂಗಳಗೌರಿ ತನ್ನ ಗಂಟಲ ಸದ್ದನ್ನು ಹಲ್ಲು ಕಚ್ಚಿ ತಡೆದಳು. ತಡೆದಷ್ಟೂ ಒತ್ತಡ ಹೆಚ್ಚಿತು. ಕೊನೆಗೆ ‘ಹ್ಕ್’, ‘ಹ್ಕ್’ ಎಂದು ಮೂರು ನಾಲ್ಕು ಸಲ ಒಟ್ಟಿಗೆ ಬಂದುಬಿಟ್ಟಿತು. ಕೊಲ್ಲಾಪುರಮ್ಮ ತಲೆಯೆತ್ತಿ ಅವಳನ್ನೇ ನೋಡಿದಳು. ಆಮೇಲೆ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದಳು.

ಆ ನೋಟ ಮಂಗಳಗೌರಿಯನ್ನು ತಿಂಗಳುಗಟ್ಟಲೆ ಬಿಡಲಿಲ್ಲ. ಅಂಗಡಿಯ ಬೀಗವನ್ನು ಮೂವತ್ತು ಸಲ ಜಗ್ಗಿ ನೋಡುವಷ್ಟು ಗೀಳು ಬೆಳೆಯಿತು. ಸೋಪು ಹಚ್ಚಿ ಹಚ್ಚಿ ಕೈ ಒಡೆದು ರಕ್ತ ಜಿನುಗಿತು. ಕೆಲಸ ಬಿಟ್ಟು ಗುಬ್ಬಿಗೆ ಹೋಗಿಬಿಡುತ್ತೇನೆಂದು ಅತ್ತೆಗೆ ಹೇಳಿಯೂ ಆಗಿತ್ತು.

ಹಾಗೆ ಹೇಳಿದ ವಾರದಲ್ಲೇ ಒಂದು ಸೇವಾಸಂಸ್ಥೆಯವರು ಕರಪತ್ರ ಟೈಪು ಮಾಡಿಸಲು ಬಂದರು. ಊರಿನಲ್ಲಿ ಮಾನಸಿಕ ಆರೋಗ್ಯ ಶಿಬಿರ, ಎರಡನೇ ಭಾನುವಾರ. ಎಂದಿನಂತೆ ಅರ್ಥದ ಕಡೆ ಗಮನ ಕೊಡದೆ ಹೊಡೆಯುತ್ತ ಹೋದಳು. ‘ಬಾಗಿಲು, ಬೀಗವನ್ನು ಪದೇ ಪದೇ ಪರೀಕ್ಷಿಸುವುದು, ಕೈ ತೊಳೆಯುತ್ತಲೇ ಇರುವುದು, ತಡೆಯಲಾಗದೆ ಕತ್ತು ಜಗ್ಗುವುದು, ಕಣ್ಣು ಬಡಿಯುವುದು, ಗಂಟಲಿನಿಂದ ಶಬ್ದ ಬರುವುದು’ ಎಂಬಲ್ಲಿಗೆ ಬಂದಾಗ ಬೆರಳು ನಿಂತವು. ಯಾರೋ ತನ್ನ ಮನೆಯ ಕಿಟಕಿಯಲ್ಲಿ ಇಣುಕಿ ಬರೆದಂತಿತ್ತು. ಇಷ್ಟನ್ನೂ ಅಚ್ಚು ಹಾಕಿಸುತ್ತಾರೆಂದರೆ ಇಂಥವರು ಇನ್ನೂ ಎಷ್ಟೋ ಜನ ಇರಬೇಕು ಎಂದು ಅವಳಿಗೆ ಹೊಳೆಯಿತು. ಕಣ್ಣೊರೆಸಿಕೊಂಡು ಉಳಿದ ಸಾಲುಗಳನ್ನು ಮುಗಿಸಿದಳು.

ಶಿಬಿರದಲ್ಲಿದ್ದದ್ದು ಬೆಂಗಳೂರಿನಿಂದ ಬಂದ ಅಕ್ಷತಾ ಎಂಬ ಡಾಕ್ಟರು. ಮಂಗಳಗೌರಿ ಆರನೇ ಕ್ಲಾಸಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಮಧ್ಯೆ ಮಧ್ಯೆ ಕತ್ತು ಜಗ್ಗುತ್ತಿತ್ತು, ಸದ್ದು ಬರುತ್ತಿತ್ತು. ಡಾಕ್ಟರು ಬರೆಯುವುದು ನಿಲ್ಲಿಸಿ ಕೇಳಿಸಿಕೊಂಡರು. ಕತ್ತು, ಕಣ್ಣು, ಗಂಟಲಿನದಕ್ಕೆ ಟುರೆಟ್ ಎಂದು ಹೆಸರಿದೆ, ಚಿಲಕ, ಸೋಪಿನದು ಗೀಳು ರೋಗ, ಎದೆ ಡವಗುಟ್ಟುವುದು ಆತಂಕ, ಮೂರೂ ಒಬ್ಬರಲ್ಲೇ ಇರುವುದು ಅಪರೂಪವೇನಲ್ಲ ಎಂದು ವಿವರಿಸಿದರು.

“ಪೂರ್ತಿ ಹೋಗುತ್ತಾ ಮೇಡಂ?” ಎಂದು ಕೇಳಿದಳು.

“ಪೂರ್ತಿ ಅಂತ ಮಾತು ಕೊಡಲ್ಲ. ಮಾತ್ರೆ ತಗೊಂಡ್ರೆ, ನಾನು ಹೇಳಿದ್ದನ್ನ ಅಭ್ಯಾಸ ಮಾಡಿದ್ರೆ ತುಂಬ ಕಮ್ಮಿ ಆಗುತ್ತೆ. ಆದ್ರೆ ಒಂದು ತಿಳ್ಕೊಳ್ಳಿ, ಇದರಲ್ಲಿ ನಿಮ್ಮ ತಪ್ಪು ಯಾವತ್ತೂ ಇರ್ಲಿಲ್ಲ.”

ಅಭ್ಯಾಸ ಹೇಳುವುದಕ್ಕೆ ಸುಲಭವಿತ್ತು. ಬೀಗ ಒಂದೇ ಸಲ ಹಾಕುವುದು, ಅನುಮಾನ ಬಂದರೆ ಬರಲೆಂದು ಬಿಟ್ಟು ನಡೆಯುವುದು. ಮೊದಲ ಸಂಜೆ ಬೀಗ ಹಾಕಿ ಬಸ್ ಸ್ಟ್ಯಾಂಡ್ ದಾಟುವಷ್ಟರಲ್ಲಿ ಕಾಲು ತಾನಾಗಿಯೇ ಹಿಂದಕ್ಕೆ ತಿರುಗಿತು. ಹಾಗೂ ಹೀಗೂ ದೊಡ್ಡಕೆರೆಯ ಏರಿಯವರೆಗೆ ಹೋಗಿ ಕಲ್ಲಿನ ಮೇಲೆ ಕೂತಳು. ಅಂಗಡಿ ಲೂಟಿಯಾದಂತೆ, ಅಪ್ಪ ರಸ್ತೆಯಲ್ಲಿ ಬಿದ್ದಂತೆ ಕಣ್ಣಿಗೆ ಕಟ್ಟಿತು. ಮುಕ್ಕಾಲು ಗಂಟೆ ಕಳೆಯಿತು. ನೀರಿಗಿಳಿದಿದ್ದ ಕೊಕ್ಕರೆಗಳನ್ನು ತಾನು ನೋಡುತ್ತಿದ್ದೇನೆ, ಬೀಗ ಮರೆತಿದೆ ಎಂದು ಆಮೇಲೆ ಗೊತ್ತಾಯಿತು. ಅಂಥ ನೂರಾರು ಸಂಜೆಗಳು ಬೇಕಾದವು. ಕೆಲವು ದಿನ ಸೋತು ಹಿಂದಿರುಗಿ ಬೀಗ ಜಗ್ಗಿದ್ದೂ ಇದೆ.

ಮಾತ್ರೆ ಶುರುಮಾಡಿದ ನಾಲ್ಕನೇ ತಿಂಗಳು ಕೊಲ್ಲಾಪುರಮ್ಮನ ಊರಿನ ಬಸ್ಸು ಹತ್ತಿದಳು. ಮನೆ ಹುಡುಕಿಕೊಂಡು ಹೋದಾಗ ಕೊಲ್ಲಾಪುರಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಗುರುತು ಸಿಕ್ಕರೂ ಮೊರ ಕೆಳಗಿಡಲಿಲ್ಲ.

“ಅಮ್ಮಾ, ಆವತ್ತು ನಾನು ನಗಲಿಲ್ಲ. ಇದೊಂದು ಕಾಯಿಲೆ, ಚಿಕ್ಕೋಳಿದ್ದಾಗಿಂದ ಐತೆ. ನನ್ನ ಕೈಲಿ ತಡೆಯಕ್ಕಾಗಲ್ಲ.” ಹೇಳುತ್ತಿದ್ದಂತೆಯೇ ಸದ್ದು ಎರಡು ಸಲ ಬಂತು.

“ಇದೇಯಾ?” ಎಂದಳು ಕೊಲ್ಲಾಪುರಮ್ಮ.

“ಇದೇ.”

“ಆವತ್ತು ಮನೆಗ್ ಬಂದು ಉಣ್ನಿಲ್ಲ ಕಣವ್ವ ನಾನು. ಸತ್ತೋರ್ ಸುದ್ದಿ ಕೇಳಿ ನಗ್ತಾಳಲ್ಲ ಅಂತ ಹೊಟ್ಟೆ ಉರೀತು.” ಮೊರವನ್ನು ಪಕ್ಕಕ್ಕಿಟ್ಟಳು. “ಕಾಯ್ಲೆ ಅಂದ್ರೆ ನೀನಾರ ಏನ್ ಮಾಡೀಯ. ಬಿಸ್ಲಲ್ ನಿಂತ್ಕಬ್ಯಾಡ, ಮ್ಯಾಕ್ ಬಾ.”

ಅರ್ಜಿಯನ್ನು ಅವಳು ಇನ್ನೂ ಕೊಟ್ಟಿರಲಿಲ್ಲ. ಜಗಲಿಯ ಮೇಲೆಯೇ ವಿವರಗಳನ್ನೆಲ್ಲ ಬರೆದುಕೊಂಡು, ಮಜ್ಜಿಗೆ ಕುಡಿದು, ಮಂಗಳಗೌರಿ ಮಧ್ಯಾಹ್ನದ ಬಸ್ಸಿಗೆ ಹಿಂದಿರುಗಿದಳು. ಆವತ್ತಿನಿಂದ ಅಂಗಡಿಗೆ ಬಂದವರಿಗೆಲ್ಲ, ನನಗೆ ಗಂಟಲಲ್ಲಿ ಒಂದು ಸದ್ದು ಬರುತ್ತದೆ, ನಿಮ್ಮನ್ನು ನೋಡಿ ಅಲ್ಲ ಎಂದು ಮೊದಲೇ ಹೇಳತೊಡಗಿದಳು. ಹೆಚ್ಚಿನವರು ಹೂಂ ಎಂದು ತಮ್ಮ ಕೆಲಸ ಹೇಳುತ್ತಿದ್ದರು. ಹೇಳಿಯಾದ ಮೇಲೆ ಸದ್ದು ಬರುವುದೂ ಕಮ್ಮಿಯಾಗುತ್ತಿತ್ತು.

ಎರಡು ಸಾವಿರದ ಐದರಲ್ಲಿ ಬೆಳ್ಳಾವಿಯಿಂದ ಒಂದು ಸಂಬಂಧ ಬಂತು. ಗಂಡು ಹನುಮಂತರಾಜು, ಕರೆಂಟಿನ ಲೈನ್‌ಮ್ಯಾನ್. ಕಾಯಿಲೆಯ ಮಾತೆತ್ತಬೇಡವೆಂದು ದೊಡ್ಡಗಂಗಮ್ಮ ಕೈ ಹಿಡಿದು ಕೇಳಿಕೊಂಡಿದ್ದಳು. ಇದಕ್ಕೆ ಮೊದಲು ಬಂದಿದ್ದ ಇಬ್ಬರು ವಿಷಯ ತಿಳಿದು ತಿರುಗಿ ನೋಡಿರಲಿಲ್ಲ. ಆದರೂ ಮಂಗಳಗೌರಿ ಕಾಫಿ ಲೋಟ ಕೊಟ್ಟು, ಎದುರಿಗೇ ಕೂತು, ಕಾಯಿಲೆಯ ಹೆಸರು ಹೇಳಿ ಎಲ್ಲವನ್ನೂ ತಿಳಿಸಿದಳು. ಅಷ್ಟರಲ್ಲಿ ಕತ್ತೂ ಜಗ್ಗಿತು. ಹನುಮಂತರಾಜು ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದ.

“ಹಂಗ್ ಜಗ್ಗಿ ಜಗ್ಗಿ ನೋವಾಗಲ್ವಾ?”

ಹದಿನೈದು ವರ್ಷಗಳಲ್ಲಿ ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ. “ಸಾಯಂಕಾಲದ ಹೊತ್ಗೆ ಆಗುತ್ತೆ” ಎಂದಳು.

ಆ ವರ್ಷದ ಕೊನೆಯಲ್ಲಿ ಮದುವೆಯಾಯಿತು. ಹನುಮಂತರಾಜು ಕುಣಿಗಲ್ಲಿಗೇ ವರ್ಗ ಮಾಡಿಸಿಕೊಂಡ, ಚನ್ನವೀರಯ್ಯನವರು ಅಂಗಡಿಯನ್ನು ಅವಳಿಗೇ ಬಿಟ್ಟುಕೊಟ್ಟು ಮನೆ ಸೇರಿದರು. ಮಾತ್ರೆ ಇನ್ನೂ ಇದೆ, ಕತ್ತೂ ತನ್ನ ಕೆಲಸ ಮಾಡುತ್ತದೆ. ಸಂಜೆ ಮನೆಗೆ ಬಂದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವಲನ್ನು ಹೆಗಲ ಮೇಲೆ ಹಾಕಿಕೊಂಡು ಅವಳು ಟೀವಿ ನೋಡುತ್ತಾಳೆ. ಟವಲು ಆರಿದರೆ ಎದ್ದು ಬಿಸಿ ಮಾಡಿ ತರುವವನು ಹನುಮಂತರಾಜು.